ದೊಡ್ಡಮ್ಮ ಕಲಿತ ಹೆಜ್ಜೆ

ಬಡಗಿಯವರಿಗೆ,

ನಿಮ್ಮ ಕಾರ್ಡು ಬಂದು ನಾಲ್ಕು ತಿಂಗಳಾಯಿತು. ಬರೆದಿದ್ದು ಮೂರೇ ಸಾಲು. 'ಹೊಸ ಮಂಡಿ ಹಾಕಿದ್ದಾರೆ. ಈಗ ನೆಟ್ಟಗೆ ನಡೀತೀನಿ. ನಿಮ್ಮ ವಿದ್ಯಾರ್ಥಿನಿ ಹೇಗಿದ್ದಾಳೆ?' ಮೂರು ಸಾಲಿಗೆ ಉತ್ತರ ಬರೆಯಲು ನಾಲ್ಕು ತಿಂಗಳು ಬೇಕಾಯಿತೇ ಎಂದು ನೀವು ಕೇಳಬಹುದು. ಹದಿನೈದು ದಿನಕ್ಕೊಮ್ಮೆ ಪಾಠ ಮಾಡುವವಳು ನಾನು, ನನ್ನ ಪಾಲಿಗೆ ಇದು ಎಂಟೇ ತರಗತಿ. ಆದರೆ ನಿಮ್ಮ ಹತ್ತಿರ ಸುಳ್ಳು ಯಾಕೆ, ಆ ಎರಡನೆಯ ಸಾಲು ಓದಿದ ಮೇಲೆ ಪೆನ್ನು ಹಿಡಿಯಲು ಕೈ ಬರಲಿಲ್ಲ. ಅದೇಕೆ ಎಂದು ಹೇಳಬೇಕಾದರೆ ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳಬೇಕು. ನೀವು ಹೇಗೂ ಪುರುಸೊತ್ತಿನಲ್ಲಿ ಕಾಲು ಚಾಚಿ ಕುಳಿತಿರುತ್ತೀರಿ, ಓದಿ.

ದೊಡ್ಡಮ್ಮ ಎಂದು ಹೆಸರಿಟ್ಟವರು ನೀವೇ. ಅದಕ್ಕೆ ಮೊದಲು ಅವಳು ಮೃಗಾಲಯದ ರಿಜಿಸ್ಟರಿನಲ್ಲಿ ಒಂದು ನಂಬರು, ನಮ್ಮ ಬಾಯಲ್ಲಿ 'ಮೂಲೆ ಮನೆಯ ಹೆಬ್ಬಾವು'. ಉದ್ದ ಐದು ಮೀಟರಿಗೆ ನಾಲ್ಕು ಬೆರಳು ಕಡಿಮೆ, ತೂಕ ನನಗಿಂತ ಏಳು ಕಿಲೋ ಜಾಸ್ತಿ. ಮೊದಲ ಸಲ ಗಾಜಿನ ಆಚೆ ನಿಂತು ಅವಳನ್ನು ನೋಡಿ ನೀವು, "ನಮ್ಮ ದೊಡ್ಡಮ್ಮನೂ ಹೀಗೇ, ಊಟ ಆದ್ಮೇಲೆ ಮೂರು ದಿನ ಯಾರ ಹತ್ರಾನೂ ಮಾತಾಡಲ್ಲ" ಎಂದಿರಿ. ಹಾವಿನ ಮನೆಯಲ್ಲಿ ನಾನು ಬಾಯಿಬಿಟ್ಟು ನಕ್ಕಿದ್ದು ಅದೇ ಮೊದಲು ಇರಬೇಕು.

ನೀವು ಬರುವ ಹಿಂದಿನ ವರ್ಷ ಅವಳಿಗೆ ಚುಚ್ಚುಮದ್ದು ಕೊಡಬೇಕಾಗಿ ಬಂದಿತ್ತು. ಆಗ ನಮಗೆ ಗೊತ್ತಿದ್ದ ವಿದ್ಯೆ ಒಂದೇ. ತಲೆಗೆ ಗೋಣಿಚೀಲ ಹಾಕುವುದು, ಆರು ಜನ ಸಾಲಾಗಿ ಬಿದ್ದು ಅದುಮಿ ಹಿಡಿಯುವುದು. ನಾನು ತಲೆಯಿಂದ ನಾಲ್ಕನೆಯವಳು. ನನ್ನ ಅಂಗೈ ಕೆಳಗೆ ಅವಳ ಪಕ್ಕೆಲುಬೊಂದು ಲಟಕ್ಕೆಂದಿತು. ಯಾರಿಗೂ ಕೇಳಿಸಲಿಲ್ಲ, ನನಗೆ ಮಾತ್ರ ಗೊತ್ತಾಯಿತು. ಆಮೇಲೆ ಎಂಟು ತಿಂಗಳು ಅವಳು ಊಟ ಮುಟ್ಟಲಿಲ್ಲ. ನಾನು ಗಾಜಿನ ಮುಂದೆ ಹಾದುಹೋದರೆ ಸಾಕು, ಸುರುಳಿಯೊಳಗೆ ತಲೆ ಅಡಗಿಸುತ್ತಿದ್ದಳು. ನನಗಿದ್ದ ಹಟವೆಲ್ಲ ಅಲ್ಲಿಂದ ಹುಟ್ಟಿದ್ದು. ಇನ್ನೊಮ್ಮೆ ಇವಳ ಮೈಮೇಲೆ ಯಾರೂ ಬೀಳಬಾರದು, ಇವಳೇ ತಾನಾಗಿ ಬರಬೇಕು ಎಂದುಕೊಂಡೆ.

ಹಾವಿಗೆ ಪಾಠ ಹೇಳುತ್ತೇನೆ ಎಂದಾಗ ಇಡೀ ಮೃಗಾಲಯ ನಕ್ಕಿತು. ಆನೆಯ ಮಾವುತ ಎದುರಿಗೆ ಸಿಕ್ಕಾಗಲೆಲ್ಲ, "ಏನಮ್ಮ, ಟ್ಯೂಷನ್ ಎಲ್ಲಿಗೆ ಬಂತು, ಮಗ್ಗಿ ಶುರುವಾಯ್ತಾ?" ಎಂದು ಕೇಳುತ್ತಿದ್ದ. ನಗದೆ ಇದ್ದವರು ನೀವೊಬ್ಬರೇ. ಪಾಠ ಏನೂ ಕಷ್ಟದ್ದಲ್ಲ. ಉದ್ದನೆಯ ಕೋಲಿನ ತುದಿಗೆ ಒಂದು ನೀಲಿ ಚೆಂಡು. ಚೆಂಡು ಕಂಡರೆ ಊಟ ಉಂಟು, ಕಾಣದಿದ್ದರೆ ಇಲ್ಲ. ಮೊದಲು ಚೆಂಡಿನ ಹತ್ತಿರ ಮೂತಿ ತಂದರೆ ಒಂದು ಇಲಿ. ಆಮೇಲೆ ಚೆಂಡನ್ನು ಹಿಂಬಾಲಿಸಿ ಒಂದು ಗಜ ಬಂದರೆ ಇಲಿ. ಕೊನೆಗೆ ಮರದ ಪೆಟ್ಟಿಗೆಯೊಳಗೆ ತಾನಾಗಿ ಹರಿದು ಬಂದರೆ ಮಾತ್ರ ಇಲಿ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಮಾಡಿದರೆ ಬಹುಮಾನ, ಮಾಡದಿದ್ದರೆ ಇನ್ನೊಂದು ದಿನ. ಕಷ್ಟವಿರುವುದು ಆ ಇನ್ನೊಂದು ದಿನದಲ್ಲಿ. ನಾಯಿಗೆ ದಿನಕ್ಕೆ ಐವತ್ತು ಸಲ ಬಿಸ್ಕತ್ತು ಕೊಟ್ಟು ಕಲಿಸಬಹುದು. ಇವಳಿಗೆ ಹಸಿವಾಗುವುದೇ ಅಪರೂಪ. ಒಂದು ಹೊತ್ತಿಗೆ ಕೊಡುವ ಊಟವನ್ನು ಪಾಲು ಮಾಡಿ ಕೊಟ್ಟರೂ ತಿಂಗಳಿಗೆ ಎರಡೇ ಗುರುವಾರ. "ಟೀಚರಮ್ಮ, ನಿಮ್ಮ ವಿದ್ಯಾರ್ಥಿನಿ ತಿಂಗಳಿಗೆ ಎರಡು ದಿನ ಸ್ಕೂಲಿಗೆ ಬಂದ್ರೆ ಪಾಸಾಗೋದು ಯಾವಾಗ?" ಎಂದು ನೀವು ಕೇಳಿದ್ದಿರಿ. ಅವತ್ತಿನಿಂದ ನಾನು ಟೀಚರಮ್ಮ ಆದೆ.

ಪೆಟ್ಟಿಗೆಯನ್ನು ನೀವು ಮೂರು ಸಲ ಮಾಡಿದಿರಿ. ಮೊದಲನೆಯದರ ಚಾವಣಿ ತಗ್ಗಾಯಿತು, ಎರಡನೆಯದರ ಬಾಗಿಲು ಕಿರುಗುಟ್ಟಿತು. ಮೂರನೆಯದನ್ನು ಒಳಗೆಲ್ಲ ಅಂಗೈಯಿಂದ ಸವರಿ ಸವರಿ, ಒಂದು ಸಿಬಿರು ಕೂಡ ಉಳಿಯದ ಹಾಗೆ ಉಜ್ಜಿದಿರಿ. ಮುಂದಿನ ಹಲಗೆಯಲ್ಲಿ ಅವಳ ತಲೆ ಮಾತ್ರ ಹೊರಗೆ ಬರುವಷ್ಟು ದುಂಡನೆಯ ಕಿಂಡಿ ಕೊರೆದು, ಅದರ ಅಂಚಿಗೆ ಮೆತ್ತಗೆ ತೊಗಲು ಹೊಡೆದಿರಿ. ಹಿಂದಿನ ಬಾಗಿಲು ಭಾರವಾಗಿತ್ತು, ಹಗ್ಗ ಎಳೆದರೆ ಮೇಲೇಳುವ ಹಾಗೆ ಗಾಲಿ ಕೂರಿಸಿದಿರಿ. ಕೆಲಸ ಮುಗಿದ ಮೇಲೆ ನೀವು ನಿಮ್ಮ ಮರಗೆಲಸದ ಶೆಡ್ಡಿಗೆ ವಾಪಸು ಹೋಗಬೇಕಾಗಿತ್ತು. "ಹಗ್ಗ ಹೊಸದು, ನಾಲ್ಕು ದಿನ ನಾನೇ ಎಳೀತೀನಿ" ಎಂದಿರಿ. ಆ ನಾಲ್ಕು ದಿನ ಮೂರು ವರ್ಷವಾಯಿತು.

ಪ್ರತಿ ಎರಡನೆಯ ಗುರುವಾರ ಹತ್ತು ಗಂಟೆಗೆ ನೀವು ಹಿಂಬದಿಯ ಓಣಿಯಲ್ಲಿ ಬರುತ್ತಿದ್ದಿರಿ. ಅದು ನಿಮಗೂ ಚೆನ್ನಾಗಿ ಗೊತ್ತಿರುವ ಓಣಿ: ಒಂದು ಕಡೆ ಹಾವಿನ ಕೋಣೆಗಳ ಸಣ್ಣ ಬಾಗಿಲುಗಳು, ಇನ್ನೊಂದು ಕಡೆ ಬಿಸಿನೀರಿನ ಕೊಳವೆ, ಕೊಳವೆಗಳು ಕೆಳಗೂ ಹಾದುಹೋಗುವುದರಿಂದ ನೆಲಕ್ಕೆಲ್ಲ ಮರದ ಹಲಗೆ. ಆ ಹಲಗೆಯ ಮೇಲೆ ನಿಮ್ಮ ಬಲಗಾಲು ಧಡ್ ಎಂದು ಬೀಳುತ್ತಿತ್ತು, ಮಡಿಸಲಾರದ ಎಡಗಾಲು ಸರ್ರನೆ ಎಳೆದುಕೊಂಡು ಬರುತ್ತಿತ್ತು. ಧಡ್, ಸರ್ರ್. ಧಡ್, ಸರ್ರ್. ಹದಿನೇಳು ಹೆಜ್ಜೆ. ನಾನು ಫ್ರಿಜ್ಜಿನಿಂದ ತೆಗೆದು ಹಿಮ ಕರಗಿಸಿದ ಸತ್ತ ಇಲಿಗಳನ್ನು ಬಟ್ಟೆಯಲ್ಲಿ ಒರೆಸುತ್ತ, ತಲೆ ಎತ್ತದೆ ಹೆಜ್ಜೆ ಎಣಿಸುತ್ತಿದ್ದೆ. ಹದಿನೇಳಾದ ಮೇಲೆ "ನಮಸ್ಕಾರ ಟೀಚರಮ್ಮ" ಕೇಳಿಸುತ್ತಿತ್ತು. ನಲವತ್ತಾರು ವರ್ಷದ ಹೆಂಗಸು ಯಾರದೋ ಹೆಜ್ಜೆ ಎಣಿಸುವುದು ನಗೆಪಾಟಲು ಎಂದು ನನಗೂ ಗೊತ್ತಿತ್ತು. ಆದರೂ ಎಣಿಸುತ್ತಿದ್ದೆ.

ನಿಮ್ಮ ಕೊನೆಯ ಗುರುವಾರ ದೊಡ್ಡಮ್ಮ ಪೆಟ್ಟಿಗೆಯೊಳಗೆ ಹೋಗಿ ಕಿಂಡಿಯಲ್ಲಿ ತಲೆಯಿಟ್ಟು ಬಹುಮಾನ ನುಂಗುತ್ತಿದ್ದಳು. ನೀವು ಹಗ್ಗವನ್ನು ಗೂಟಕ್ಕೆ ಸುತ್ತುತ್ತ, ನನ್ನ ಕಡೆ ನೋಡದೆ ಕೇಳಿದಿರಿ. "ಮಂಡಿ ಆಪರೇಷನ್ ಆದ್ಮೇಲೆ ತಂಗಿ ಮನೇಲೇ ಇರು ಅಂತಿದಾಳೆ. ನಾನು ಹೋದ್ರೆ ಈ ಹಗ್ಗ ಯಾರು ಎಳೀತಾರೆ ಟೀಚರಮ್ಮ?" ನಾನು ಹೇಳಿದ್ದು ನಿಮಗೆ ನೆನಪಿರಬಹುದು. "ಹಗ್ಗ ತಾನೇ, ಯಾರಾದ್ರೂ ಎಳೀತಾರೆ." ನೀವು ತಲೆಯಾಡಿಸಿದಿರಿ, ಗಂಟು ಸರಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದಿರಿ, ಹೋದಿರಿ. ಹದಿನೇಳು ಹೆಜ್ಜೆ ಆಚೆ ಕಡೆಗೆ. ನೀವು ಕೇಳಿದ್ದು ಹಗ್ಗದ ಮಾತಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಬಾಯಿಗೆ ಬಂದ ಉತ್ತರವನ್ನು ನುಂಗಿ, ಬಾರದ ಉತ್ತರ ಕೊಟ್ಟೆ.

ನೀವು ಹೋದ ನಂತರದ ಗುರುವಾರ ದೊಡ್ಡಮ್ಮ ಬರಲಿಲ್ಲ. ಚೆಂಡು ತೋರಿಸಿದೆ. ನೋಡಿದಳು, ನಾಲಿಗೆ ಚಾಚಿದಳು, ಮತ್ತೆ ಗದ್ದ ನೆಲಕ್ಕಿಟ್ಟು ಮಲಗಿದಳು. ಅದರ ಮುಂದಿನ ಗುರುವಾರವೂ ಅಷ್ಟೇ. ಪೊರೆ ಬಿಡುವ ಸಮಯ ಎಂದುಕೊಂಡೆ, ಕೋಣೆಯ ಬಿಸಿ ಹೆಚ್ಚಿಸಿದೆ, ಇಲಿ ಬದಲಿಸಿದೆ. ಐದು ಗುರುವಾರ ಹೀಗೇ ಕಳೆಯಿತು. ಅಷ್ಟರಲ್ಲಿ ಅವಳ ಬಾಯಿಯ ಅಂಚು ಊದಿಕೊಂಡಿತು. ಡಾಕ್ಟರಮ್ಮ ಗಾಜಿನ ಈಚೆಯಿಂದ ಟಾರ್ಚು ಹಾಕಿ ನೋಡಿ ಒಸಡಿಗೆ ಸೋಂಕು ತಗುಲಿದೆ, ದಿನ ಬಿಟ್ಟು ದಿನ ತೊಳೆದು ಮದ್ದು ಹಚ್ಚಬೇಕು, ಬಿಟ್ಟರೆ ದವಡೆಯ ಎಲುಬಿಗೆ ಇಳಿಯುತ್ತದೆ ಎಂದರು. ಸಾಹೇಬರು ನನ್ನನ್ನು ಕರೆಸಿ, "ಇನ್ನೊಂದು ಗುರುವಾರ ನೋಡ್ತೀನಿ. ಆಮೇಲೆ ಆರು ಜನಾನ ಕಳಿಸ್ತೀನಿ, ಗೋಣಿಚೀಲ ತೆಗೆದಿಡಿ" ಎಂದರು. ನನ್ನ ಅಂಗೈ ಕೆಳಗೆ ಲಟಕ್ಕೆಂದ ಆ ಪಕ್ಕೆಲುಬು ನೆನಪಾಯಿತು.

ಆ ಸಂಜೆ ಮೂರು ವರ್ಷದ ಪಾಠದ ಪುಸ್ತಕವನ್ನು ಮನೆಗೆ ತಂದೆ. ಪ್ರತಿ ಗುರುವಾರಕ್ಕೆ ಒಂದು ಸಾಲು, 'ಬಂದಳು' ಅಥವಾ 'ಬರಲಿಲ್ಲ'. 'ಬರಲಿಲ್ಲ' ಎಂಬುದು ನೀವಿದ್ದ ಮೂರು ವರ್ಷದಲ್ಲಿ ಎರಡೇ ಸಲ. ಒಂದು, ನಿಮಗೆ ಜ್ವರ ಬಂದಿದ್ದ ವಾರ. ಇನ್ನೊಂದು, ನೀವು ಯಾರದೋ ಮದುವೆಗೆ ಹೋಗಿದ್ದ ವಾರ. ಎರಡಕ್ಕೂ ನಾನು 'ಚಳಿ ಇರಬಹುದು' ಎಂದು ಷರಾ ಬರೆದಿದ್ದೆ. ಮತ್ತೊಂದು ಸಾಲು ಒಂದು ಮಂಗಳವಾರದ್ದು: 'ಚೆಂಡು ತೋರಿಸಿಲ್ಲ, ಊಟದ ದಿನವಲ್ಲ, ಆದರೂ ಬಾಗಿಲಿಗೆ ಬಂದು ಅರ್ಧ ಗಂಟೆ ಕಾದಳು. ಕಾರಣ ತಿಳಿಯದು.' ಅದು ನೀವು ಓಣಿಯ ಕಿಟಕಿಯ ಚೌಕಟ್ಟು ರಿಪೇರಿ ಮಾಡಲು ಬಂದಿದ್ದ ದಿನ. ಹಾವಿಗೆ ದವಡೆಯೇ ಕಿವಿ, ನೆಲದ ನಡುಕ ಗದ್ದದಿಂದಲೇ ಒಳಗೆ ಹೋಗುತ್ತದೆ ಎಂದು ಶಾಲೆಯ ಮಕ್ಕಳ ಗುಂಪು ಬಂದಾಗಲೆಲ್ಲ ಗಿಣಿಯ ಹಾಗೆ ಒಪ್ಪಿಸುವವಳು ನಾನು. ಅವಳು ನೀಲಿ ಚೆಂಡನ್ನು ಕಲಿತೇ ಇರಲಿಲ್ಲ, ಬಡಗಿಯವರೇ. ಚೆಂಡು ಬರುವುದಕ್ಕೆ ಮೊದಲೇ ಪ್ರತಿ ಸಲ ನೀವು ಬರುತ್ತಿದ್ದಿರಿ. ಅವಳು ನಿಮ್ಮ ಹೆಜ್ಜೆ ಕಲಿತಿದ್ದಳು. ನಾನು ಕಲಿಸುತ್ತಿದ್ದೇನೆ ಎಂದು ಬೀಗುತ್ತಿದ್ದ ಪಾಠ ನನ್ನದಾಗಿರಲಿಲ್ಲ.

ನಾನು ಮನೆಯಲ್ಲಿ ನಿಮ್ಮ ನಡೆ ಅಭ್ಯಾಸ ಮಾಡಿದೆ. ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ. ಎಡ ಮಂಡಿ ಮಡಿಸದೆ, ಭಾರವೆಲ್ಲ ಬಲಕ್ಕೆ ಹಾಕಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ಚಿಕ್ಕಮ್ಮ ಯಂತ್ರ ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡಿದಳು. "ಕಾಲಿಗೇನಾಯ್ತೇ?" ಎಂದಳು. ಏನಿಲ್ಲ, ಕೆಲಸದ ವಿಷಯ ಎಂದೆ. "ಕುಂಟೋದೂ ಒಂದು ಕೆಲಸಾನಾ? ಅದಕ್ಕೆ ಸಂಬಳ ಬೇರೆ ಕೊಡ್ತಾರಾ?" ಎಂದು ಮತ್ತೆ ಪೆಡಲು ತುಳಿದಳು. ಸ್ವಲ್ಪ ಹೊತ್ತಾದ ಮೇಲೆ ಹೊಲಿಯುತ್ತಲೇ, "ಆ ಪೆಟ್ಟಿಗೆ ಮಾಡ್ತಿದ್ರಲ್ಲ, ಅವ್ರು ಹಿಂಗೇ ನಡೀತಿದ್ರು ಅಲ್ವಾ" ಎಂದಳು. ಒಂದೇ ಒಂದು ಸಲ ನೀವು ನಮ್ಮ ಮನೆಗೆ ರಿಪೇರಿ ಮಾಡಿದ ಸ್ಟೂಲು ತಂದುಕೊಡಲು ಬಂದಿದ್ದಿರಿ. ಚಿಕ್ಕಮ್ಮನ ಕಣ್ಣು ತಪ್ಪಿಸಿ ಯಾವುದನ್ನೂ ಮಾಡಲಾಗುವುದಿಲ್ಲ.

ಗುರುವಾರ ಹತ್ತು ಗಂಟೆಗೆ ನಿಮ್ಮ ಹಳೆಯ ಬೂಟು ಹಾಕಿಕೊಂಡೆ. ಶೆಡ್ಡಿನಲ್ಲಿ ಬಿಟ್ಟು ಹೋಗಿದ್ದಿರಲ್ಲ, ಅದೇ. ಬೆರಳಿನ ಜಾಗದಲ್ಲಿ ಬಟ್ಟೆ ತುರುಕಿದೆ. ಧಡ್, ಸರ್ರ್. ಧಡ್, ಸರ್ರ್. ಒಂಬತ್ತನೆಯ ಹೆಜ್ಜೆಗೆ ಕೋಣೆಯೊಳಗೆ ಸುರುಳಿ ಬಿಚ್ಚಿಕೊಳ್ಳುವ ಸದ್ದು ಕೇಳಿಸಿತು. ಹದಿನೇಳಕ್ಕೆ ಕೋಣೆಯ ಬಾಗಿಲಿನ ಸಣ್ಣ ಕಿಂಡಿಯಿಂದ ನೋಡಿದರೆ ದೊಡ್ಡಮ್ಮ ಅಷ್ಟುದ್ದಕ್ಕೂ ನೆಟ್ಟಗಾಗಿ ಬಾಗಿಲಿಗೆ ಮುಖ ಮಾಡಿದ್ದಳು. ಹಗ್ಗ ಎಳೆದೆ. ಒಳಗೆ ಹೋದಳು, ಕಿಂಡಿಯಲ್ಲಿ ತಲೆಯಿಟ್ಟಳು, ಡಾಕ್ಟರಮ್ಮ ಬಾಯಿ ತೊಳೆದು ಮದ್ದು ಹಚ್ಚುವವರೆಗೂ ಕದಲಲಿಲ್ಲ. ಎಲ್ಲ ಮುಗಿದ ಮೇಲೆ ನಾನು ಓಣಿಯಲ್ಲಿ ಕುಳಿತು ಅತ್ತೆ. ಅವಳು ಉಳಿದಳು ಎಂಬ ಸಂತೋಷಕ್ಕೆ ಎಂದು ಡಾಕ್ಟರಮ್ಮನಿಗೆ ಹೇಳಿದೆ. ನಿಮಗೆ ಇನ್ನೊಂದು ಕಾರಣ ಹೇಳುತ್ತೇನೆ. ಹೆಜ್ಜೆ ಹಾಕುತ್ತಿದ್ದವಳು ನಾನೇ ಆದರೂ, ಹದಿನೇಳಾದ ಮೇಲೆ ಒಂದು ಕ್ಷಣ ನಿಂತು, "ನಮಸ್ಕಾರ ಟೀಚರಮ್ಮ" ಎನ್ನುವುದಕ್ಕೆ ಕಾದಿದ್ದೆ.

ಎರಡು ತಿಂಗಳು ದಿನ ಬಿಟ್ಟು ದಿನ ನಿಮ್ಮ ಬೂಟು ಹಾಕಿ ಕುಂಟಿದೆ. ಪೆಟ್ಟಿಗೆಗೆ ಬಂದ ಪ್ರತಿ ಸಲಕ್ಕೂ ಬಹುಮಾನ ಸಲ್ಲಬೇಕಲ್ಲ, ಆದ್ದರಿಂದ ಒಂದು ಇಲಿಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಕೊಟ್ಟೆ. ಒಸಡು ಮಾಯಿತು. ಅದರ ಬೆನ್ನಲ್ಲೇ ಹೊಸ ಸುದ್ದಿ ಬಂತು. ಹಾವುಗಳಿಗೆ ಹೊಸ ಕಟ್ಟಡ ಕಟ್ಟುತ್ತಾರೆ, ವರ್ಷದೊಳಗೆ ಎಲ್ಲವನ್ನೂ ಅಲ್ಲಿಗೆ ಸಾಗಿಸಬೇಕು, ಅಲ್ಲಿ ಪೂರಾ ಸಿಮೆಂಟಿನ ನೆಲ. ಸಿಮೆಂಟಿನಲ್ಲಿ ಯಾರ ಹೆಜ್ಜೆಯೂ ಯಾರ ಗದ್ದಕ್ಕೂ ತಲುಪುವುದಿಲ್ಲ. ಡಾಕ್ಟರಮ್ಮ ಬೂಟನ್ನೇ ನೋಡುತ್ತ ಹೇಳಿದರು. "ಒಬ್ಬರ ಹೆಜ್ಜೆಗೆ ಮಾತ್ರ ಬರ್ತಾಳೆ ಅಂದ್ರೆ ಅವಳು ಕಲಿತಿಲ್ಲ, ಕಾಯ್ತಿದಾಳೆ ಅಷ್ಟೇ. ಹೆಜ್ಜೆ ಬಿಡಿಸಿ. ಇಲ್ಲಾಂದ್ರೆ ಅಲ್ಲಿಗೆ ಹೋದ ಮೇಲೆ ಮತ್ತೆ ಗೋಣಿಚೀಲವೇ."

ಬಿಡಿಸುವುದೂ ಕಲಿಸಿದ ಹಾಗೆಯೇ, ಚೂರು ಚೂರಾಗಿ. ಹಳೆಯ ಗುರುತನ್ನು ಒಂದೇ ಸಲ ಕಿತ್ತುಕೊಂಡರೆ ಪ್ರಾಣಿ ದಿಕ್ಕೆಡುತ್ತದೆ. ಪ್ರತಿ ಗುರುವಾರ ಗೊತ್ತಾಗದಷ್ಟು ತೆಗೆಯಬೇಕು, ತೆಗೆದಷ್ಟು ಜಾಗಕ್ಕೆ ಹೊಸ ಗುರುತು ತುಂಬಬೇಕು. ಮೊದಲ ಗುರುವಾರ ಹದಿನೇಳರಲ್ಲಿ ಒಂದು ಹೆಜ್ಜೆ ಬಿಟ್ಟೆ. ಆಮೇಲೆ ಸರ್ರ್ ಎನ್ನುವುದನ್ನು ಸ್ವಲ್ಪ ಗಿಡ್ಡ ಮಾಡಿದೆ. ಆಮೇಲೆ ಬೂಟು ಬಿಟ್ಟು ಬರಿಗಾಲಿನಲ್ಲಿ ಕುಂಟಿದೆ. ನಿಮ್ಮನ್ನು ಹದಿನೈದು ದಿನಕ್ಕೊಂದು ಚೂರಿನಂತೆ ನನ್ನ ಕಾಲಿನಿಂದ ತೆಗೆಯುತ್ತ ಬಂದೆ. ದೊಡ್ಡಮ್ಮ ಜಾಣೆ, ಹೆಜ್ಜೆ ಸಣ್ಣದಾದಷ್ಟೂ ಚೆಂಡನ್ನು ಹೆಚ್ಚು ಹೊತ್ತು ನೋಡತೊಡಗಿದಳು. ಅರ್ಧದಷ್ಟು ಕೆಲಸ ಆಗಿತ್ತು. ಆಗ ನಿಮ್ಮ ಕಾರ್ಡು ಬಂತು, 'ಈಗ ನೆಟ್ಟಗೆ ನಡೀತೀನಿ' ಎಂದು.

ನಿಮ್ಮ ನೋವು ಹೋಯಿತು ಎಂದು ನನಗೆ ನಿಜವಾಗಿಯೂ ಸಂತೋಷವಾಯಿತು, ಅದನ್ನು ನಂಬಿ. ಆದರೆ ಜೊತೆಗೇ ಇನ್ನೊಂದು ವಿಷಯ ಹೊಳೆಯಿತು. ಆ ನಡೆ ಈಗ ನಿಮ್ಮ ಹತ್ತಿರವೂ ಇಲ್ಲ. ಇಡೀ ಪ್ರಪಂಚದಲ್ಲಿ ಅದು ಉಳಿದಿದ್ದರೆ ನನ್ನ ಎರಡು ಕಾಲುಗಳಲ್ಲಿ, ಅದೂ ಅರ್ಧ. ನಾನೇ ಅದನ್ನು ಅಳಿಸುತ್ತಿದ್ದೆ. ಮುಂದಿನ ಗುರುವಾರ ನಾನು ಯಾವ ಮಾಸ್ತರರೂ ಮಾಡಬಾರದ ತಪ್ಪು ಮಾಡಿದೆ. ಮತ್ತೆ ಬೂಟು ಹಾಕಿ, ಹದಿನೇಳಕ್ಕೆ ಹದಿನೇಳೂ, ಧಡ್ ಎನ್ನುವುದನ್ನು ಧಡ್ ಎಂದೇ, ಸರ್ರ್ ಎನ್ನುವುದನ್ನು ಪೂರ್ತಿಯಾಗಿ ನಡೆದೆ. ದೊಡ್ಡಮ್ಮ ಎಂದೂ ಇಲ್ಲದ ಚುರುಕಿನಿಂದ ಓಡಿ ಬಂದಳು. ಅದರ ಮುಂದಿನ ಗುರುವಾರವೂ ಹಾಗೇ ಮಾಡಿದೆ. ಪುಸ್ತಕದಲ್ಲಿ 'ಬಂದಳು' ಎಂದಷ್ಟೇ ಬರೆದೆ. ನಾನು ಪುಸ್ತಕದಲ್ಲಿ ಸುಳ್ಳು ಬರೆದಿದ್ದು ಆ ಎರಡೇ ಸಲ.

ಮೂರನೆಯ ಗುರುವಾರ ಡಾಕ್ಟರಮ್ಮ ಬಂದಿದ್ದರು. ಬೂಟಿಲ್ಲದೆ, ಮೆಲ್ಲಗೆ ನಡೆದೆ. ದೊಡ್ಡಮ್ಮ ಕದಲಲಿಲ್ಲ. ಗದ್ದ ನೆಲಕ್ಕೊತ್ತಿ, ಚೆಂಡಿನ ಕಡೆ ನೋಡದೆ, ಓಣಿಯ ಬಾಗಿಲಿನ ಕಡೆಗೇ ತಲೆ ತಿರುಗಿಸಿ ನಲವತ್ತು ನಿಮಿಷ ಮಲಗಿದ್ದಳು. ಹಾವಿಗೆ ಬೇಸರ, ಆಸೆ ಎಂದೆಲ್ಲ ಆರೋಪಿಸಬಾರದು ಎಂದು ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ. ಆದರೆ ಅವಳು ಮಲಗಿದ್ದ ರೀತಿ ನನಗೆ ಗುರುತಿನದ್ದು. ಇಲಿ ಒರೆಸುತ್ತ ತಲೆ ಎತ್ತದೆ ಕೂರುವವಳ ರೀತಿ ಅದು. ನನ್ನ ಕಾಲಿನ ಆಸೆಗೆ ಅವಳನ್ನು ಹಸಿವಿನಲ್ಲಿಟ್ಟೆನಲ್ಲ ಎಂದು ನಾಚಿಕೆಯಾಯಿತು. ಡಾಕ್ಟರಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು, "ಆಯ್ತು, ಮೊದಲಿಂದ ಶುರು ಮಾಡೋಣ. ಬೂಟು ಮಾತ್ರ ನನಗೆ ಕೊಡಿ" ಎಂದರು. ಕೊಟ್ಟೆ. ಅವರ ಅಲಮಾರಿಯಲ್ಲಿದೆ.

ಮೊನ್ನೆ ಗುರುವಾರ ನಾನು ಓಣಿಗೆ ಕಾಲಿಡಲೇ ಇಲ್ಲ. ಮೊಸಳೆ ನೋಡಿಕೊಳ್ಳುವವನು ಮೊದಲೇ ಬಂದು, ರಬ್ಬರಿನ ಚಪ್ಪಲಿಯಲ್ಲಿ ಸದ್ದಿಲ್ಲದೆ ನಿಂತು ಚೆಂಡು ತೋರಿಸಿದ. ನಾನು ನೋಡಲು ಬಂದವರ ಜೊತೆ ಗಾಜಿನ ಈಚೆ ನಿಂತಿದ್ದೆ. ದೊಡ್ಡಮ್ಮ ತಲೆ ಎತ್ತಿದಳು. ಮತ್ತೆ ಗದ್ದವನ್ನು ನೆಲಕ್ಕಿಟ್ಟಳು. ಆರು ನಿಮಿಷ ಹಾಗೇ ಇದ್ದಳು, ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ. ಆಮೇಲೆ ನೀಲಿ ಚೆಂಡಿನ ಹಿಂದೆ ಹೊರಟಳು. ಅಷ್ಟುದ್ದದ ಮೈ ನಿಧಾನವಾಗಿ ನೀವು ಮಾಡಿದ ಪೆಟ್ಟಿಗೆಯೊಳಗೆ ಸೇರಿತು, ಬಾಲದ ತುದಿ ಒಳಗೆ ಹೋಯಿತು, ಮೊಸಳೆಯವನು ಹಗ್ಗ ಸಡಿಲಿಸಿದ. ಪಕ್ಕದಲ್ಲಿದ್ದ ಒಂದು ಮಗು, "ಅಮ್ಮ, ಹಾವು ತಾನೇ ಒಳಗೆ ಹೋಯ್ತು" ಎಂದಿತು. ಹೌದು, ತಾನೇ ಹೋಯಿತು. ಗೋಣಿಚೀಲವನ್ನು ಸಾಹೇಬರ ಮುಂದೆಯೇ ಕಸದ ಗಾಡಿಗೆ ಹಾಕಿದೆ. ಮಾವುತ ಬಂದು, "ಟೀಚರ್, ಪಾಸಾದ್ಲಂತೆ" ಎಂದು ಕೈ ಕುಲುಕಿದ.

ಅವತ್ತು ಕೆಲಸ ಮುಗಿಸಿ ಹೊರಬಂದಾಗ ಇನ್ನೂ ಬಿಸಿಲಿತ್ತು. ಓಣಿಯಲ್ಲಿ ಇನ್ನು ಎಂದೂ ಆ ಹೆಜ್ಜೆ ಹಾಕುವಂತಿಲ್ಲ. ಹಾಕಿದರೆ ಅವಳು ಬರುತ್ತಾಳೆ, ಬಂದವಳಿಗೆ ಕೊಡಲು ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಗೇಟಿನಿಂದ ಬಸ್ ನಿಲ್ದಾಣದವರೆಗೆ, ಕಾಲುದಾರಿಯ ಕಲ್ಲಿನ ಮೇಲೆ ನಿಮ್ಮ ಹಾಗೆ ನಡೆದೆ. ಕೊನೆಯ ಸಲ. ಬಸ್ಸಿನಲ್ಲಿ ಒಬ್ಬಾತ ಎದ್ದು ನಿಂತು, "ಕೂತ್ಕೊಳ್ಳಿ ಮೇಡಂ, ಕಾಲು ನೋಯ್ತಿರಬೇಕು" ಎಂದ. ಕುಳಿತುಕೊಂಡೆ. ಇಳಿಯುವಾಗ ನೆಟ್ಟಗೆ ನಡೆದು ಇಳಿದೆ, ಅವನು ಕಣ್ಣು ಕಣ್ಣು ಬಿಟ್ಟು ನೋಡಿದ.

ನಿಮ್ಮ ಮೂರನೆಯ ಸಾಲಿಗೆ ಉತ್ತರ ಇದೇ. ನಿಮ್ಮ ದೊಡ್ಡಮ್ಮ ಚೆನ್ನಾಗಿದ್ದಾಳೆ. ಬರುವ ತಿಂಗಳು ಹೊಸ ಮನೆಗೆ ಹೋಗುತ್ತಾಳೆ. ಹಳೆಯ ಓಣಿಯ ಹಲಗೆಗಳನ್ನು ಕಿತ್ತು ಶೆಡ್ಡಿಗೆ ಹಾಕುತ್ತಾರಂತೆ. ಪೆಟ್ಟಿಗೆಯನ್ನು ಮಾತ್ರ ನಾನು ಬಿಡಲಿಲ್ಲ, ಅವಳ ಜೊತೆಗೆ ಅದೂ ಬರುತ್ತದೆ.

ಹಗ್ಗ ಯಾರು ಎಳೀತಾರೆ ಎಂದು ಕೇಳಿದ್ದಿರಿ. ಯಾರಾದರೂ ಎಳೆಯುತ್ತಾರೆ ಎಂದಿದ್ದೆ. ಈಗ ಅದು ನಿಜವಾಗಿದೆ, ಯಾರು ಎಳೆದರೂ ದೊಡ್ಡಮ್ಮ ಬರುತ್ತಾಳೆ. ಅದನ್ನು ನಿಜ ಮಾಡಲು ನನಗೆ ಒಂದು ವರ್ಷದ ಮೇಲೆ ಹಿಡಿಯಿತು. ಆದರೆ ನೀವು ಕೇಳಿದ ದಿನ ಅದು ಸುಳ್ಳಾಗಿತ್ತು, ಅವಳ ಮಟ್ಟಿಗೂ, ನನ್ನ ಮಟ್ಟಿಗೂ. ಅವಳನ್ನು ಬಿಡಿಸಿದ ಹಾಗೆ ನನ್ನನ್ನು ಬಿಡಿಸುವವರು ಯಾರೂ ಇರಲಿಲ್ಲ. ಅವತ್ತು ಹೇಳಬೇಕಾಗಿದ್ದ ಉತ್ತರ ಇದು: ನೀವೇ ಎಳೆಯಬೇಕು, ಹೋಗಬೇಡಿ. ತಡವಾಯಿತು, ಗೊತ್ತು.

ಎಂದಾದರೂ ಈ ಕಡೆ ಬರುವ ಮನಸ್ಸಾದರೆ ಒಂದು ಮಾತು ನೆನಪಿಡಿ. ಅಲ್ಲಿ ಸಿಮೆಂಟಿನ ನೆಲ, ನಿಮ್ಮದು ಹೊಸ ಮಂಡಿ. ನೀವು ಬಂದಿದ್ದು ಹೆಜ್ಜೆಯಿಂದ ನನಗೆ ಗೊತ್ತಾಗುವುದಿಲ್ಲ. ಬಾಗಿಲಲ್ಲಿ ನಿಂತು "ಟೀಚರಮ್ಮ" ಎಂದು ಒಂದು ಸಲ ಕರೆಯಿರಿ. ದೊಡ್ಡಮ್ಮ ತಲೆ ಎತ್ತುವುದಿಲ್ಲ. ನಾನು ಎತ್ತುತ್ತೇನೆ.

ಹೊಸ ಮಂಡಿ ನೂರು ವರ್ಷ ಬಾಳಲಿ, ಯಾವ ಮೆಟ್ಟಿಲೂ ನಿಮಗೆ ಎತ್ತರ ಎನಿಸದಿರಲಿ.

ಇಂತು,
ಹದಿನೇಳರವರೆಗೆ ಮಾತ್ರ ಎಣಿಸಲು ಬರುವ
ನಿಮ್ಮ ಟೀಚರಮ್ಮ